ಪಾಲಿಗೆ ಹಾಕಿದ ಮೇನ್‌ಫ್ರೇಮ್

"ಹಂಗಾದ್ರ ಕರ ಯಾರದ್ರೀ ಅಯ್ನೋರ? ಅದೊಂದು ಹೇಳ್ರಿ. ಕರ ಯಾರದು?"

ರೇವಣಪ್ಪ ಸಾಹುಕಾರರು ಮೇಜು ಗುದ್ದಿದ ರಭಸಕ್ಕೆ ಬಶಿ ಕುಣಿಯಿತು, ಕಪ್ಪು ಉರುಳಿತು, ಚಹಾ ಹರಿದು ಹೋಗಿ ಕಾಗದದ ಕಟ್ಟಿನ ಮೇಲೆ ಕೂತಿತು.

"ಕರ ಇಲ್ರಿ ಸಾವ್ಕಾರ್ರ. ಅದು ಮಷೀನ್ ಅದ. ಮಷೀನಿಗಿ ಎಲ್ಲಿ ಕರ?" ಎಂದ ಗುರುದೇವ.

"ನೀವೇ ಅಂದ್ರಿ, ಎಮ್ಮಿ ಪಾಲಿಗಿ ಹಾಕ್ದಂಗ ಅಂತ. ಈಗ ಕರ ಇಲ್ಲ ಅಂತೀರಿ. ಒಂದ ಬಾಯಾಗ ಎಷ್ಟು ನಾಲಿಗಿ ಅವ ನಿಮಗ?"

"ತಿಳೀಲಿ ಅಂತ ಅಂದೆ."

"ತಿಳೀತು. ತಿಳಿದದ್ದಕ್ಕೇ ಸಿಟ್ಟು ಬರ್ಲತ್ತದ. ಕರ ಯಾರದು?"

ಗುರುದೇವನಿಗೆ ತನ್ನ ನಾಲಿಗೆಯನ್ನು ಕಿತ್ತು ಹೊರಗೆ ಮಲಗಿದ್ದ ಗೂಳಿಯ ಮುಂದೆ ಹಾಕಬೇಕು ಅನ್ನಿಸಿತು. ಹೋಸ್ಟಿಂಗ್ ಅಂದರೇನು ಎಂದು ಸಾಹುಕಾರರು ಹದಿನೈದು ದಿನದಿಂದ ಕೇಳುತ್ತಲೇ ಇದ್ದರು. ಯಂತ್ರ ನಮ್ಮದು, ಜಾಗ ಅವರದು, ಕರೆಂಟು ಅವರದು, ತಂಪು ಗಾಳಿ ಅವರದು, ಕೆಲಸ ಮಾತ್ರ ನಮಗೆ ಸಿಗುತ್ತದೆ ಎಂದು ಅವನು ಹದಿನೈದು ದಿನ ಹೇಳಿದ್ದ. ತಲೆಗೆ ಹತ್ತಲಿಲ್ಲ. ಇವತ್ತು ಮುಂಜಾನೆ ಬೇಸತ್ತು, ಎಮ್ಮೆಯನ್ನು ಪಾಲಿಗೆ ಹಾಕಿದ ಹಾಗೆ ಎಂದುಬಿಟ್ಟ. ಒಂದೇ ಏಟಿಗೆ ಹತ್ತಿತು. ಹತ್ತಿದ್ದು ಇಳಿಯಲೊಲ್ಲದು.

ಪಾಲಿಗೆ ಹಾಕುವುದು ಎಂದರೆ ಇಷ್ಟೇ. ಎಮ್ಮೆ ಒಬ್ಬನದು, ಸಾಕುವವನು ಇನ್ನೊಬ್ಬ. ಮೇವು ನೀರು ಸಾಕಿದವನದು, ಹಾಲು ಇಬ್ಬರದು. ಮೊದಲ ಕರ, ಅಂದರೆ ಕರು, ಸಾಕಿದವನಿಗೆ, ಎರಡನೆಯದು ಒಡೆಯನಿಗೆ. ರೇವಣಪ್ಪನವರು ಇಲ್ಲಿತನಕ ಇಪ್ಪತ್ತೆರಡು ಎಮ್ಮೆ ಪಾಲಿಗೆ ಹಾಕಿದ್ದರು. ಒಂದೂ ಕಳೆದಿರಲಿಲ್ಲ. ಕಂಪ್ಯೂಟರ್ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುತ್ತಿದ್ದ ಮನುಷ್ಯ ಈಗ ಇಡೀ ಉದಗೀರ ಮೋಂಢಾದಲ್ಲಿ ಈ ವಿಷಯಕ್ಕೆ ತಾನೇ ಪಂಡಿತ ಎಂದು ಎದೆ ಸೆಟೆಸಿ ಕೂತಿದ್ದರು.

ಎಮ್ಮೆ ಎಂಬ ಹೆಸರು ಗುರುದೇವ ಇಟ್ಟದ್ದೇನೂ ಅಲ್ಲ. ಉದಗೀರದ ಮೋಂಢಾದಲ್ಲಿ, ಅಂದರೆ ಧಾನ್ಯಪೇಟೆಯಲ್ಲಿ, ರೇವಣಪ್ಪನವರದು ತೊಗರಿ ಬೇಳೆಯ ದೊಡ್ಡ ಕಂಪನಿ. ನಿಲಂಗಾದಿಂದ ಉಮರ್ಗಾತನಕ ಹದಿನಾಲ್ಕು ಗೋದಾಮು. ಯಾವ ಗೋದಾಮಿನಲ್ಲಿ ಎಷ್ಟು ಚೀಲ, ಯಾವ ಲಾರಿ ಎಲ್ಲಿ ಹೊರಟಿದೆ, ಎಲ್ಲವೂ ಒಂದು ಮೇನ್‌ಫ್ರೇಮ್ ಯಂತ್ರದ ಹೊಟ್ಟೆಯಲ್ಲಿತ್ತು. ಮುಂಬೈಯಲ್ಲಿ ಬಾಗಿಲು ಹಾಕಿದ ಒಂದು ಗಿರಣಿಯ ಹರಾಜಿನಲ್ಲಿ ರೇವಣಪ್ಪನವರ ತಂದೆ ಅದನ್ನು ಹಿಡಿದು, ಜೋಳದ ಕಣಿಕೆಯಲ್ಲಿ ಸುತ್ತಿ ತಂದಿದ್ದರು. ಮೂರು ಕಪಾಟು ಒತ್ತಿಟ್ಟಷ್ಟು ದೊಡ್ಡದು. ಕಪ್ಪಗೆ ಮಿರಿಮಿರಿ ಮಿಂಚುತ್ತ, ಹಗಲೂ ರಾತ್ರಿ ಭುಸ್ ಭುಸ್ ಉಸಿರು ಬಿಡುತ್ತ ನಿಂತಿರುತ್ತಿತ್ತು. ಊರೆಲ್ಲ ಅದನ್ನು ಎಮ್ಮೆ ಅಂತಲೇ ಕರೆಯುತ್ತಿತ್ತು.

ಕರೆಂಟು ಹೋಗಿ ಬಂದಾಗೊಮ್ಮೆ ಅದರ ನಾಲ್ಕು ಗುಂಡಿಗಳನ್ನು ಸರಿಯಾದ ಕ್ರಮದಲ್ಲಿ ಒತ್ತಬೇಕು. ಆ ಕ್ರಮ ಗೊತ್ತಿದ್ದದ್ದು ಗುರುದೇವನೊಬ್ಬನಿಗೆ. ಉದಗೀರದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಕರೆಂಟಿನವರಿಗೂ ಗೊತ್ತಿಲ್ಲ. ಹಾಗಾಗಿ ಅವನು ಮಲಗುವ ಹೊರಸು ಎಮ್ಮೆಯ ಮಗ್ಗುಲಲ್ಲೇ ಹನ್ನೆರಡು ವರ್ಷ. ಮನೆ ಇದ್ದದ್ದು ಶಿರೂರ ಅನಂತಪಾಳದಲ್ಲಿ, ಒಂದು ತಾಸಿನ ದಾರಿ. ಭಾನುವಾರ ಮಧ್ಯಾಹ್ನ ಹೋಗಿ ಎರಡು ತಾಸು ಇದ್ದು ಬರುತ್ತಿದ್ದ. ಅವನ ಮನೆಯ ನಾಯಿ ಅವನನ್ನೇ ಬೊಗಳುತ್ತಿತ್ತು. ಹೆಂಡತಿ ಅನುರಾಧಾ ನಾಯಿ ಕಟ್ಟಿ, ಬಾಗಿಲು ತೆಗೆದು, "ಚಹಾ ತಗೋತೀರೇನ್ರಿ?" ಎಂದು ವಿಮೆಯವನನ್ನು ಕೇಳಿದ ಹಾಗೆ ಕೇಳುತ್ತಿದ್ದಳು.

ಬಿಟ್ಟು ಹೋಗೋಣವೆಂದರೆ ಅದೂ ಆಗದು. ಗುರುದೇವ ಜಂಗಮರವನು. ಏಳು ತಲೆಯಿಂದ ರೇವಣಪ್ಪನವರ ಮನೆತನ ಇವನ ಮನೆತನದ ಶಿಷ್ಯರು. ಪ್ರತಿ ಸೋಮವಾರ ಸಾಹುಕಾರರು ಆಫೀಸಿಗೆ ಬಂದು, ಕೈಕಾಲು ತೊಳೆದು, ಗುರುದೇವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು, ವಿಭೂತಿ ಹಚ್ಚಿಸಿಕೊಂಡು, ಆಮೇಲೆ ಕುರ್ಚಿ ಹತ್ತಿ ಬೈಯಲು ಸುರು ಮಾಡುತ್ತಿದ್ದರು. ಜಂಗಮನನ್ನು ಕೆಲಸದಿಂದ ತೆಗೆದರೆ ಪಾಪ. ಅವನು ತಾನೇ ಬಿಡುತ್ತೇನೆಂದರೂ ಪಾಪವೇ. ಗುರುದೇವ ಮೂರು ಸಲ ರಾಜೀನಾಮೆ ಬರೆದುಕೊಟ್ಟಿದ್ದ. ಅಯ್ಯನೋರ ಕೈಬರಹ ಎಂದು ಸಾಹುಕಾರರು ಮೂರನ್ನೂ ಹಣೆಗೆ ಒತ್ತಿಕೊಂಡು ದೇವರ ಮನೆಯಲ್ಲಿ ಇಟ್ಟಿದ್ದರು. ದಿನಾಲೂ ಅವಕ್ಕೆ ಹೂವು ಏರುತ್ತಿತ್ತು.

ಇಂಥದರಲ್ಲಿ ರಸ್ತೆ ಅಗಲ ಮಾಡುವ ನೋಟೀಸು ಬಂತು. ಆಫೀಸಿನ ಮುಂಭಾಗ ಒಡೆಯುತ್ತಾರೆ, ಎಮ್ಮೆಯ ಕೋಣೆ ಇರುವುದು ಮುಂಭಾಗದಲ್ಲೇ. ಗುರುದೇವ ಯಾರಿಗೂ ಕಾಣದಂತೆ ಹೋಗಿ ತೆಂಗಿನಕಾಯಿ ಒಡೆದು ಬಂದ. ಎಮ್ಮೆಯನ್ನು ಯಾವುದಾದರೂ ಹೋಸ್ಟಿಂಗ್ ಕಂಪನಿಗೆ ದಾಟಿಸಿದರೆ ಗುಂಡಿ ಒತ್ತುವುದು ಅವರ ಪಾಡು. ಇವನು ದಿನಾ ಸಂಜೆ ಬಸ್ಸು ಹಿಡಿದು ಮನೆಗೆ ಹೋಗಿ, ಸ್ವಂತ ಹೆಂಡತಿಯ ಕೈಯ ಬಿಸಿ ರೊಟ್ಟಿ ತಿಂದು, ಸ್ವಂತ ಮಾಡಿನ ಕೆಳಗೆ ಮಲಗಬಹುದು. ನಾಯಿಗೂ ಗುರುತು ಹತ್ತಬಹುದು. ಇವತ್ತು, ಸೋಮವಾರ, ಹೊತ್ತು ಮುಳುಗುವುದರೊಳಗೆ ಕಂಪನಿ ಯಾವುದೆಂದು ಗೊತ್ತಾಗಬೇಕಿತ್ತು. ಮಂಗಳವಾರ ಒಡೆಯುವವರು ಬರುತ್ತಾರೆ.

"ಬರಕೋ ಜಯಮಾಲಾ," ಎಂದರು ಸಾಹುಕಾರರು. ಜಯಮಾಲಾ ಆಫೀಸಿನ ಕಾಗದಪತ್ರ ನೋಡುವ ಹೆಣ್ಣುಮಗಳು. ಊರಿನ ಯಾವ ಸುದ್ದಿಯೂ ಅವಳ ಮೊಬೈಲನ್ನು ಮುಟ್ಟದೆ ಮುಂದೆ ಹೋಗುತ್ತಿರಲಿಲ್ಲ. "ಶರತ್ತು ಬರಕೋ. ನಾ ಗಾಡಿ ಮ್ಯಾಲ ಹೋಗಿ ಎಮ್ಮಿ ನೋಡ್ಕೊಂಡು ಬರೋದ್ರೊಳಗ ಮನ್ಯಾಗ ರೊಟ್ಟಿ ಆರಿರಬಾರ್ದು. ಅಷ್ಟೇ ದೂರ ಇರಬೇಕು."

"ಸಾವ್ಕಾರ್ರ, ಇದು ಪುಣೆ ಹೈದರಾಬಾದ್ ಕಂಪನಿಯವರು ಓದ್ತಾರ..."

"ಓದ್ಲಿ. ನೀರಿಂದು ತ್ರಾಸ ಇರಬಾರ್ದು. ಮನ್ಯಾಗಿನ ಹೆಣ್ಣಮಗಳು ಹೊತ್ತು ಹೊಂಡೋಕಿಂತ ಮೊದಲ ಏಳಾಕಿ ಇರಬೇಕು. ನಾಯಿ ಇರಬೇಕು. ಬರದಿ?"

ಗುರುದೇವನಿಗೆ ಒಳಗೇ ಕುದಿಯಿತು. ಹೇಗೂ ಮಾನ ಹೋಗಿದೆ. ಹನ್ನೆರಡು ವರ್ಷ ಆ ಹೊರಸಿನ ನವಾರಿನ ಬರೆ ತನ್ನ ಬೆನ್ನಿಗೆ ಬಿದ್ದಿದೆ. ಇನ್ನು ಮೇಲೆ ಯಾವನ ಬೆನ್ನಿಗೋ ಬೀಳಲಿ, ತಾನೊಬ್ಬನೇ ಯಾಕೆ ಅನುಭವಿಸಬೇಕು?

"ಇನ್ನೊಂದು ಬರೀರಿ ಜಯಮಾಲಾಬಾಯಿ," ಎಂದ. "ಮನಿ ಯಜಮಾನ ಸ್ವತಾ ಮಷೀನ್ ಬಾಜೂಕ ಹೊರಸು ಹಾಕ್ಕೊಂಡು ಮಲಗಬೇಕು. ದಿನಾ. ಆಳುಮನುಷ್ಯಾ ನಡಿಯಂಗಿಲ್ಲ. ಹಬ್ಬ, ಮದಿವಿ, ಜ್ವರ, ಯಾವ ನೆಪಾನೂ ನಡಿಯಂಗಿಲ್ಲ."

ರೇವಣಪ್ಪನವರ ಕಣ್ಣಲ್ಲಿ ನೀರು ಬಂತು. ಎದ್ದು ಬಂದು ಅದೇ ಸೋಮವಾರ ಎರಡನೆಯ ಸಲ ಪಾದ ಮುಟ್ಟಿದರು. "ಇದು ನನಗೂ ಹೊಳಿಲಿಲ್ಲ ನೋಡ್ರಿ ಅಯ್ನೋರ."

ಜಯಮಾಲಾ ಶರತ್ತುಗಳನ್ನು ಕಂಪನಿಗಳಿಗೆ ಕಳಿಸಿದಳು. ಕಳಿಸುವಾಗ ಕೈ ತಡೆಯದೆ ಉದಗೀರ, ನಿಲಂಗಾ, ಉಮರ್ಗಾದ ಮೋಂಢಾ ಗುಂಪುಗಳಿಗೂ ಹಾಕಿದಳು.

ಮಧ್ಯಾಹ್ನ ಮೊದಲು ಪುಣೆಯವರು ವಿಡಿಯೋದಲ್ಲಿ ಬಂದರು. ಇಸ್ತ್ರಿ ಅಂಗಿಯ ಒಬ್ಬ ಮನುಷ್ಯ, ಹಿಂದೆ ನೀಲಿ ಗೋಡೆ.

"ನಮಸ್ಕಾರ. ಆಮಚ್ಯಾಕಡೆ ಸಗಳಂ ಸುರಕ್ಷಿತ ಆಹೇ," ಎಂದು, ನಮ್ಮಲ್ಲಿ ಎಲ್ಲ ಭದ್ರ ಎಂಬ ಭರವಸೆಯಿಂದಲೇ, ಮರಾಠಿಯಲ್ಲಿ ಸುರು ಮಾಡಿದ.

"ಅದಿರಲಿ. ಕೊಟಗಿ ತೋರಸಂತ ಹೇಳು," ಎಂದರು ಸಾಹುಕಾರರು. ಜಯಮಾಲಾ ಮರಾಠಿಯಲ್ಲಿ ದಾಟಿಸಿದಳು. ಪುಣೆಯವನು ಚೌಕ ಗೆರೆಗಳಿದ್ದ ಒಂದು ಚಿತ್ರ ತೋರಿಸಿದ.

"ಇದು ರಂಗೋಲಿ ಅದ. ಕೊಟಗಿ ಎಲ್ಲಿ?"

ಕೊಟ್ಟಿಗೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ, ಆದರೆ ಯಂತ್ರದಲ್ಲಿ ಇರುವುದರ ಪಡಿಯಚ್ಚನ್ನು ದಿನಾಲೂ ತೆಗೆದು ಎರಡು ಬೇರೆ ಊರುಗಳಲ್ಲಿ ಇಡುತ್ತೇವೆ, ಒಂದು ಹೋದರೆ ಇನ್ನೊಂದು ಉಳಿಯುತ್ತದೆ ಎಂದ ಆ ಮನುಷ್ಯ.

ಸಾಹುಕಾರರು ಗುರುದೇವನ ಕಡೆ ತಿರುಗಿದರು. "ಕರ ಇಲ್ಲ ಅಂದಿದ್ರಿ. ದಿನಾ ಎರಡೆರಡು ಹಾಕ್ತದಂತ. ಕೇಳು ಜಯಮಾಲಾ, ಅವೆರಡು ಯಾರವು?"

ಎರಡೂ ನಿಮ್ಮವೇ ಎಂದ ಪುಣೆಯವನು, ನಗುತ್ತ.

ಸಾಹುಕಾರರು ಕೈ ಚಾಚಿ ಲ್ಯಾಪ್‌ಟಾಪ್ ಮುಚ್ಚಿಬಿಟ್ಟರು. "ಕಳ್ಳ. ಎರಡೂ ಕರ ಒಡೆಯಂಗೇ ಕೊಡ್ತೀನಿ ಅನ್ನಾಂವ ಎಮ್ಮೀನೇ ನುಂಗತಾನ."

ಗುರುದೇವ ತಲೆ ಹಿಡಿದುಕೊಂಡ. ಅಷ್ಟರಲ್ಲಿ ಫೋನು ಬಂತು. ಅನುರಾಧಾ.

"ಏನ್ರಿ, ಕೆಳಗಿನ ಖೋಲಿ ಬಾಡಿಗಿ ಕೇಳ್ಲಕ ಬಂದಾರ. ಏನೋ ಯಂತ್ರ ಇಡ್ತಾರಂತ..."

"ಯಾವದರ ಇಡ್ಲಿ. ಇಲ್ಲಿ ನನ್ನ ಜೀವ ಹೋಗ್ಲತ್ತದ. ಏನರ ಮಾಡು." ಫೋನು ಇಟ್ಟ.

ಹೈದರಾಬಾದಿನವರು ಮನುಷ್ಯನನ್ನೇ ಕಾರಿನಲ್ಲಿ ಕಳಿಸಿದ್ದರು. ಕೋಟು, ಟೈ, ಮೊಸರಿನಂಥ ಮಾತು. "ಸೇಠ್‌ಜೀ, ಸಾಲ್ ಭರ್ ಮೇ ಏಕ್ ಘಂಟಾ ಭೀ ಬಂದ್ ನಹೀ ಹೋಗಾ," ಎಂದ. ವರ್ಷವಿಡೀ ಒಂದು ತಾಸೂ ನಿಲ್ಲುವುದಿಲ್ಲ ಎಂಬುದು ಅವನ ಹೆಮ್ಮೆ.

"ಗಬ್ಬ ಇದ್ದಾಗ ಎರಡು ತಿಂಗಳರ ಹಾಲು ಬಿಡಸಬೇಕು," ಎಂದು ಸಾಹುಕಾರರು ಗುರುದೇವನ ಕಿವಿಯಲ್ಲಿ ಹೇಳಿದರು. "ಇಂವಾ ವರ್ಷಪೂರ್ತಿ ಹಿಂಡ್ತೀನಿ ಅಂತಾನ. ಸಾಯಿಸ್ತಾನ ಅಯ್ನೋರ."

"ಸಾವ್ಕಾರ್ರ, ಅದು ಒಳ್ಳೇದೇ ಅದ ರೀ."

"ನೀವು ಸುಮ್ಮ ಇರ್ರಿ. ಕೈಗಿ ಒಗ್ಗತದೋ ಇಲ್ಲೋ ನೋಡೋಣು." ಕೋಟಿನವನನ್ನು ತೋಳು ಹಿಡಿದು ಎಮ್ಮೆಯ ಕೋಣೆಗೆ ಕರೆದೊಯ್ದರು. "ಇಡ್ರಿ, ಮೈ ಮ್ಯಾಲ ಕೈ ಇಡ್ರಿ. ಹಾಥ್ ರಖೋ."

ಅವನು ನಗುತ್ತ ಕೈ ಇಟ್ಟ. ಅದೇ ಗಳಿಗೆಗೆ ಕರೆಂಟು ಹೋಯಿತು. ಎಮ್ಮೆ ಭುಸ್ ಎಂದು ಉಸಿರು ಬಿಟ್ಟು, ಕೊಂಯ್ ಎಂದು ಸೈರನ್ ಕೂಗಿತು. ಕೋಟಿನವನು ಹಿಂದಕ್ಕೆ ಹಾರಿದ. ಹಿಂದೆ ಕೂಲರಿಗೆ ತುಂಬಲು ಇಟ್ಟಿದ್ದ ನೀರಿನ ಟಬ್ಬು. ಅದರಲ್ಲಿ ಕೂತ. ಟೈ ಮಾತ್ರ ಮೇಲೆ ತೇಲುತ್ತಿತ್ತು. ಗುರುದೇವ ಅವನನ್ನು ದಾಟಿ ಓಡಿ ಹೋಗಿ, ಗೋಣಿಚೀಲ ಹಸಿ ಮಾಡಿ ಎಮ್ಮೆಗೆ ಗಾಳಿ ಬೀಸಿ, ಜನರೇಟರ್ ಹಚ್ಚಿ, ನಾಲ್ಕು ಗುಂಡಿ ಒತ್ತಿದ. ಎಮ್ಮೆ ಮತ್ತೆ ಉಸಿರಾಡಿತು.

"ಒದ್ದಳು," ಎಂದರು ಸಾಹುಕಾರರು ಸಮಾಧಾನದಿಂದ. "ಇಂವಗ ಒಗ್ಗಂಗಿಲ್ಲ."

ಫೋನು ಮತ್ತೆ ಬಂತು. "ಏನ್ರಿ, ಅವರದು ಶರತ್ತ ಭಾಳ ಅವ. ಮನಿ ಯಜಮಾನರು..."

"ಅನೂ, ಒಬ್ಬಾಂವ ಟಬ್ಬಿನಾಗ ಬಿದ್ದಾನ. ಸಹಿ ಬೇಕಾದ್ರ ಸಹಿ ಮಾಡು. ನನಗ ಕೇಳಬ್ಯಾಡ."

"ನಂತರ ನನಗ ಅನಬಾರ್ದು ಮತ್ತ."

"ಅನಂಗಿಲ್ಲ."

ನಾಲ್ಕು ಗಂಟೆಯ ಹೊತ್ತಿಗೆ ಗುರುದೇವನ ಮುಖ ಬೇಯಿಸಿದ ಬದನೆಕಾಯಿಯಾಗಿತ್ತು. ಬಯಲಿನಲ್ಲಿ ಎಮ್ಮೆ, ಮೇಲೊಂದು ತಾಡಪತ್ರಿ, ಅದರ ಪಕ್ಕ ತನ್ನ ಹೊರಸು, ಕಣ್ಣ ಮುಂದೆ ಅದೇ ಚಿತ್ರ. ಆಗ ಜಯಮಾಲಾ ಬಾಗಿಲಲ್ಲಿ ಇಣುಕಿ, "ಉಮರ್ಗಾದಿಂದ ಶೈಲೇಶ ಅಂತ ಬಂದಾರ. ಗುಂಪಿನಾಗ ನನ್ನ ಮೆಸೇಜ್ ಓದಿ ಬಂದಾರ," ಎಂದಳು, ಹೆಮ್ಮೆಯಿಂದ.

ಶೈಲೇಶ ಮೂವತ್ತೈದರ ಆಸುಪಾಸಿನವನು. ಉಮರ್ಗಾದ ಹೈವೇ ಮೇಲೆ ಪೆಟ್ರೋಲ್ ಪಂಪಿನ ಹಿಂದೆ ಅವನ ಹೋಸ್ಟಿಂಗ್ ಕಂಪನಿ. ಚಪ್ಪಲಿ ಹೊರಗೆ ಬಿಟ್ಟು ಬಂದ. ಅಲ್ಲೇ ಅರ್ಧ ಗೆದ್ದ.

"ಕಾಕಾ, ಮೊದಲನೇ ಕರ ನಮ್ದು. ಎರಡನೇದು ನಿಮ್ದು," ಎಂದ ಕೂಡುವ ಮೊದಲೇ. ಉಳಿದರ್ಧವನ್ನೂ ಗೆದ್ದ.

"ಜಾಗಾ?"

"ನಿಮ್ಮ ಶರತ್ತ ನೋಡೇ ಹುಡಕೀನ್ರಿ. ಗಾಡಿ ಮ್ಯಾಲ ತಾಸಿನ ದಾರಿ, ಬಿಸಿ ರೊಟ್ಟಿ ಅಲ್ಲೇ ಸಿಗ್ತದ. ಬೋರಿಗಿ ಭರಪೂರ ನೀರು. ತಂಪನ್ನ ಕಲ್ಲಿನ ಖೋಲಿ. ಮನಿ ಹೆಣ್ಣಮಗಳು ನಾಕಕ್ಕ ಏಳ್ತಾಳ. ನಾಯಿ ಎಂಥಾದದ ಅಂದ್ರ, ಮನ್ಯಾವರಿಗೂ ಬಿಡಂಗಿಲ್ಲಂತ."

"ಭಲೆ. ಯಜಮಾನ ಮಲಗ್ತಾನೋ?"

"ಅದಕ್ಕೂ ತಯಾರ ಅದಾರ. ಬರವಣಿಗಿ ಆಗ್ಯಾದ."

ಗುರುದೇವನಿಗೆ ನಂಬಿಕೆ ಬರಲಿಲ್ಲ. ಇಂಥ ಶರತ್ತಿಗೆ ಒಪ್ಪಿದ ಆ ಪೆದ್ದನನ್ನು ಒಮ್ಮೆ ನೋಡಬೇಕು ಅನ್ನಿಸಿತು. "ಯಾವ ಊರು?" ಎಂದು ಕೇಳಿದ.

"ಅದು ಹೇಳಂಗಿಲ್ರಿ ಸರ್. ಮಷೀನ್ ಇಳಿಯೋತನಕ ಜಾಗಾ ಗುಪ್ತ. ಎಲ್ಲಾ ದೊಡ್ಡ ಕಂಪನಿಯವರ ನಿಯಮ ಅದು. ಕಾಕಾ ಒಬ್ಬರಿಗೆ ಹೇಳ್ತೀನಿ. ಒಡೆಯರು ಅವರೇ."

ಸಾಹುಕಾರರ ಕಿವಿಯಲ್ಲಿ ಹೇಳಿದ. ಅವರು ಕೇಳಿ ಒಂದು ಗಳಿಗೆ ಕಣ್ಣು ಮುಚ್ಚಿ ಕೈ ಮುಗಿದರು. "ಪುಣ್ಯದ ಕೆಲಸ ಆಯ್ತು," ಎಂದರು. ಗುರುದೇವ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನು ಆಗಲೇ ತೋರಿಸಿದಲ್ಲೆಲ್ಲ, ತೋರಿಸದಿದ್ದಲ್ಲಿಯೂ ಸಹಿ ಮಾಡುತ್ತಿದ್ದ.

ಲಾರಿ ಬಂತು. ಹಮಾಲರು ಎಮ್ಮೆಯನ್ನು ಲಾರಿಯಲ್ಲಿ ಹಾಸಿದ ಕಣಿಕೆಯ ಮೇಲೆ ಏರಿಸಿದರು. ಜಯಮಾಲಾ ಅರಿಶಿನ ಕುಂಕುಮ ಹಚ್ಚಿ, ಹಸಿರು ಖಣ ಹೊದಿಸಿ, ಅಕ್ಕಿ ಕೊಬ್ಬರಿಯಿಂದ ಉಡಿ ತುಂಬಿದಳು. ಅಕ್ಕಿ ಗಾಳಿಕಂಡಿಯೊಳಗೆ ಇಳಿಯಿತು. ಸಾಹುಕಾರರು ಮುಂದೆ ಬಂದು, ಎಮ್ಮೆಗೆ ಕರೆಂಟು ತರುವ ತೋಳು ದಪ್ಪದ ಕೇಬಲ್ಲನ್ನು ಬಿಚ್ಚಿ, ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡರು.

"ಕಾಕಾ, ಅದು ಯಾಕ್ರಿ?" ಎಂದ ಶೈಲೇಶ.

"ಎಮ್ಮಿ ಕೊಟ್ರೂ ಹಗ್ಗ ಕೊಡೋ ಪದ್ಧತಿ ನಮ್ಮ ಮನಿತನದಾಗ ಇಲ್ಲ. ಹಗ್ಗ ಕೊಟ್ರ ಲಕ್ಷ್ಮೀ ಹೋಗ್ತಾಳ. ನೀವು ಬ್ಯಾರೆ ತಗೋಬೇಕು."

ಅಂಥ ಕೇಬಲ್ಲು ಈಗ ಭೂಮಿಯ ಮೇಲೆ ಎಲ್ಲೂ ಸಿಗುವುದಿಲ್ಲ ಎಂದು ಗುರುದೇವನಿಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದ. ಆ ಪೆದ್ದ ಯಜಮಾನನ ನೆನಪಾಯಿತು. ಬಾಯಿ ಮುಚ್ಚಿಕೊಂಡ.

ಐದರ ಬಸ್ಸಿಗೆ ಗುರುದೇವ ಹಾಸಿಗೆಯ ಸುರುಳಿ ಬಗಲಲ್ಲಿಟ್ಟುಕೊಂಡು ಹತ್ತಿದ. ಹನ್ನೆರಡು ವರ್ಷದ ಮೇಲೆ ಮೊದಲ ಸಲ ಸೋಮವಾರದ ಬಿಸಿಲು ಶಿರೂರ ಅನಂತಪಾಳದ ದಾರಿಯಲ್ಲಿ ಬೀಳುವುದನ್ನು ನೋಡಿದ. ಅರ್ಧ ದಾರಿಯಲ್ಲಿ ಲಾರಿ ಹಿಂದಿನಿಂದ ಬಂದು ಬಸ್ಸನ್ನು ದಾಟಿತು. ಹಸಿರು ಖಣ ಗಾಳಿಗೆ ಪಟಪಟ ಬಡಿಯುತ್ತಿತ್ತು. ನಿಲಂಗಾ ಕಡೆಗೆ ಹೊರಟಿರಬೇಕು ಎಂದುಕೊಂಡ. ಕಿಟಕಿಯಿಂದ ಕೈ ಚಾಚಿ, "ಹೋಗವ್ವಾ, ಸುಖವಾಗಿರು," ಎಂದು ಕೈ ಬೀಸಿದ. ಪಕ್ಕದ ಮುದುಕ ಜಾಗ ಬದಲಿಸಿದ.

ಬಸ್ಸು ಹಳ್ಳಿಹಳ್ಳಿಗೂ ನಿಂತು ತಡವಾಗಿ ಮುಟ್ಟಿತು. ಮನೆಯ ಮುಂದೆ ಹತ್ತು ಮಂದಿ ಸೇರಿದ್ದರು. ತನ್ನನ್ನು ನೋಡಲು ಬಂದಿದ್ದಾರೆ ಎಂದು ಗುರುದೇವ ಅಂಗಿ ಸರಿ ಮಾಡಿಕೊಂಡ. ನಾಯಿ ಬೊಗಳಲಿಲ್ಲ. ಅದಕ್ಕೆ ಪುರುಸೊತ್ತಿರಲಿಲ್ಲ, ಕೆಳಗಿನ ಖೋಲಿಯ ಬಾಗಿಲಲ್ಲಿ ಕೂತು ಒಳಗೆ ನೋಡುತ್ತಿತ್ತು. ಅಂಗಳದಲ್ಲಿ ಖಾಲಿ ಲಾರಿ. ಕಟ್ಟೆಯ ಮೇಲೆ ರೇವಣಪ್ಪ ಸಾಹುಕಾರರು ಕೂತು ರೊಟ್ಟಿ ತಿನ್ನುತ್ತಿದ್ದರು.

"ಬರ್ರಿ ಅಯ್ನೋರ. ಬಿಸೀನೇ ಅವ. ನಾ ಗಾಡಿ ಮ್ಯಾಲ ಬಂದು ನೋಡೇಬಿಟ್ಟೆ. ಜಂಗಮರ ಮನಿಗಿ ಎಮ್ಮಿ ಕೊಟ್ಟಂಗಾಯ್ತು. ದಿನಾ ಬರ್ತೀನಿ, ಇದೇ ಹೊತ್ತಿಗಿ."

ಗುರುದೇವ ಖೋಲಿಯೊಳಗೆ ನೋಡಿದ. ಎಮ್ಮೆ ನಿಂತಿತ್ತು, ಹಣೆಗೆ ಕುಂಕುಮ. ಮಗ್ಗುಲಲ್ಲಿ ಅವನ ಮನೆಯದೇ ಹೊರಸು, ಮೇಲೆ ಹೊಸ ಕೌದಿ.

"ಅನೂ," ಎಂದ.

"ಎರಡ ಸಲ ಫೋನ್ ಮಾಡ್ದೆ," ಎಂದಳು ಅನುರಾಧಾ, ಆರತಿಯ ತಟ್ಟೆ ಕೆಳಗಿಡುತ್ತ. "ಏನರ ಮಾಡು ಅಂದ್ರಿ. ಮಾಡ್ದೆ. ಹನ್ನೆರಡು ವರ್ಷ ಈಕಿ ಸಲುವಾಗಿ ನೀವು ಮನಿಗಿ ಬರಲಿಲ್ಲ. ಈಗ ಈಕೀನೇ ತಂದೀನಿ. ಇನ್ನ ಹ್ಯಾಂಗ ಬರಂಗಿಲ್ಲ ನೋಡ್ತೀನಿ."

ಶೈಲೇಶ ಕೈ ಹೊಸೆಯುತ್ತ ಬಂದ. "ಸರ್, ಇದು ನಿಮ್ಮ ಮನಿ ಅಂತ ನನಗೂ ಗೊತ್ತಿರಲಿಲ್ರಿ, ಕಾಕಾ ಈಗ ಹೇಳಿದ್ರು. ಮಲಗೋ ಶರತ್ತಿಗಿ ಯಾರೂ ಒಪ್ಪಲಿಲ್ರಿ. ಹದಿನಾರು ಮನಿ ತಿರಗೀನಿ. ಈ ವೈನಿ ಒಬ್ಬರೇ ಅಂದ್ರು, ನಮ್ಮ ಮನಿಯವರಿಗೆ ಮಷೀನ್ ಬಾಜೂಕ ಮಲಗೋದು ರೂಢಿ ಅದ ಅಂತ."

"ಹಬ್ಬ, ಮದಿವಿ, ಜ್ವರ, ಯಾವ ನೆಪಾನೂ ನಡಿಯಂಗಿಲ್ಲ," ಎಂದು ಸಾಹುಕಾರರು ಕಾಗದ ನೋಡದೆ ಬಾಯಿಪಾಠ ಒಪ್ಪಿಸಿದರು. "ಯಾವ ಪುಣ್ಯಾತ್ಮ ಬರಸಿದ್ದಪ್ಪಾ ಅಂದ್ರ, ನೀವೇ. ಹಂಗಾರ ಹಚ್ಚರಿ ಇನ್ನ. ಹದಿನಾಲ್ಕು ಗೋದಾಮಿನಾಗ ಮಂದಿ ಕಾಯ್ಲತ್ತಾರ."

ಶೈಲೇಶ ಎಮ್ಮೆಯ ಹಿಂದೆ ಬಗ್ಗಿ ನೋಡಿದ. "ಕಾಕಾ, ಆ ಹಗ್ಗ ಬೇಕಾಗ್ತದರೀ. ನಾಕು ಊರಿಗಿ ಫೋನ್ ಮಾಡ್ದೆ. ಅಂಥಾದು ಎಲ್ಲೂ ಇಲ್ಲಂತ."

ಸಾಹುಕಾರರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಹಗ್ಗ ಉದಗೀರದ ಅವರ ಮನೆಯಲ್ಲಿ, ಇಪ್ಪತ್ತೆರಡು ಎಮ್ಮೆಗಳ ಹಗ್ಗ ತೂಗುವ ಗೂಟದ ಮೇಲೆ ಇತ್ತು.

"ನಾ ತರ್ತೀನಿ," ಎಂದ ಗುರುದೇವ.

ಅವನ ದನಿ ಬಹಳ ಮೆತ್ತಗಿತ್ತು. ಸಾಹುಕಾರರ ಮುಂದೆ ಕೈ ಚಾಚಿ ಗಾಡಿಯ ಕೀಲಿ ತೆಗೆದುಕೊಂಡ.

"ಹಾಸಿಗಿ ಇಲ್ಲೇ ಇಟ್ಟು ಹೋಗ್ರಿ," ಎಂದಳು ಅನುರಾಧಾ.

"ಇರ್ಲಿ," ಎಂದು ಅದನ್ನು ಬಗಲಲ್ಲೇ ಒತ್ತಿಕೊಂಡು ಗಾಡಿ ಹತ್ತಿದ. ನಾಯಿ ಎದ್ದು, ಬಾಲ ಆಡಿಸುತ್ತ ಓಣಿಯ ತಿರುವಿನತನಕ ಅವನನ್ನು ಕಳಿಸಿ ಬಂತು. ಅದು ಅವನಿಗೆ ಬಾಲ ಆಡಿಸಿದ್ದು ಅದೇ ಮೊದಲು.

ಎರಡು ತಾಸು ಬಿಟ್ಟು ಸಾಹುಕಾರರು ಮನೆಗೆ ಫೋನು ಮಾಡಿದರು. ಅಯ್ಯನೋರು ಬಂದು ಹಗ್ಗ ಒಯ್ದು ಆಗಲೇ ಬಹಳ ಹೊತ್ತಾಯಿತು, ಗಾಡಿ ಅಂಗಳದಲ್ಲೇ ಬಿಟ್ಟು, ಹಗ್ಗ ಹೆಗಲ ಮೇಲೆ ಹಾಕಿಕೊಂಡು ರೈಲು ಸ್ಟೇಶನ್ ಕಡೆ ಹೋದರು ಎಂದು ಅವರ ಹೆಂಡತಿ ಹೇಳಿದರು.

ಅನುರಾಧಾ ಗುರುದೇವನ ಪಾಲಿನ ರೊಟ್ಟಿಯನ್ನು ಮೂರು ಸಲ ಬಿಸಿ ಮಾಡಿದಳು. ನಾಲ್ಕನೆಯ ಸಲ ಆರಿದ್ದು ಹಾಗೇ ಉಳಿಯಿತು.